ಕೈಕಸುಬಿಗೆ ಕರುಣೆಯೋ, ಕೂಲಿಯೋ?

ಕಷ್ಟದಲ್ಲಿರುವ ಹೆಂಗಸರು ಮಾಡಿದ ವಸ್ತುವನ್ನು ಕೊಂಡರೆ ಪುಣ್ಯ ಬರುತ್ತದೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಕೊಳ್ಳುವುದು ದಾನವೇ? ದಾನವಾದರೆ ಮಾಡಿದವಳು ಯಾಚಕಳಾಗುತ್ತಾಳೆ. ವ್ಯವಹಾರವಾದರೆ ಆಕೆ ನಮಗೆ ಸರಿಸಮಳು. ಈ ಭೇದ ಸಣ್ಣದಲ್ಲ.

ಅಫಘಾನಿಸ್ತಾನದ ಸಂಗತಿಯನ್ನೇ ನೋಡೋಣ. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿ ಅಧಿಕಾರಕ್ಕೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿತು. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವೂ, ಸ್ವಯಂಸೇವಾ ಸಂಸ್ಥೆಗಳ ನೌಕರಿಯೂ ಅವರಿಗೆ ನಿಷಿದ್ಧವಾದವು. ಮನೆಯೊಳಗೆ ಕುಳಿತು ಮಾಡಬಹುದಾದ ಕಸೂತಿಯೇ ಅನೇಕರಿಗೆ ಉಳಿದ ದಾರಿ. ಕಂದಹಾರದ ‘ಖಾಮಕ್’ ಎಂಬ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ರೇಷ್ಮೆ ದಾರದಿಂದ ಹಾಕುತ್ತಾರೆ.

ಎಳೆ ಎಣಿಸುವುದೆಂದರೆ ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಮ್ಮ ನಾಲ್ಕು ಹೊಲಿಗೆಗಳೂ ಎಣಿಕೆಯವೇ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ ಮೂಡುವುದು ಬಟ್ಟೆಯ ಮೇಲೆ ಗೆರೆ ಬರೆದುಕೊಂಡಲ್ಲ. ಇಷ್ಟು ಗಣಿತ ಬೇಡುವ ಕೆಲಸವನ್ನು ನಾವು ‘ಬಿಡುವಿನ ಕೆಲಸ’ವೆಂದು ಕರೆದೆವು. ಹಾಗೆ ಕರೆದುದರಿಂದಲೇ ಅದಕ್ಕೆ ಬೆಲೆ ಕಟ್ಟುವ ಗೊಡವೆ ತಪ್ಪಿತು.

ನಾವು ಅನ್ನ ಉಣ್ಣುತ್ತಿರುವ ಈ ನೆಲದಲ್ಲಿಯೂ ಅದೇ ಕಥೆ. ಪೈಠಣಿ ಸೀರೆಗೆ ನಾಸಿಕ ಜಿಲ್ಲೆಯ ಯೇವಲೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ ಹೆಸರಾದವು. ಸೆರಗಿನ ನವಿಲನ್ನು ಬಣ್ಣಬಣ್ಣದ ಎಳೆಗಳನ್ನು ಕೈಯಿಂದಲೇ ಕೂಡಿಸಿ ನೇಯಬೇಕು. ಕುಸುರಿ ಹೆಚ್ಚಾದರೆ ಒಂದು ಸೀರೆಗೆ ತಿಂಗಳುಗಳೇ ಹಿಡಿಯುತ್ತವೆ. ನೇಕಾರರ ಮನೆಯಲ್ಲಿ ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಬಹುಮಟ್ಟಿಗೆ ಹೆಂಗಸರ ಪಾಲು. ಆ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವವರು ಕಡಮೆ. ತುಟ್ಟಿಭತ್ಯೆ ಒಂದು ತಿಂಗಳು ತಡವಾದರೆ ಕಚೇರಿಯಲ್ಲಿ ಗದ್ದಲ ಮಾಡುವ ನಾವು, ಮದುವೆ ಜವಳಿಗೆ ಹೋದಾಗ ಮಾತ್ರ ಚೌಕಾಶಿಯನ್ನು ಜಾಣತನವೆನ್ನುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಮನೆಯಲ್ಲೇ ಕೂಡಿಹಾಕಲ್ಪಟ್ಟವಳ ಕಸೂತಿಯನ್ನು ಕೊಂಡರೆ ಆ ಬಂಧನಕ್ಕೇ ನಾವು ಒಪ್ಪಿಗೆ ಕೊಟ್ಟಂತಾಗದೇ? ಪ್ರಶ್ನೆ ನ್ಯಾಯವಾದುದೇ. ಆದರೆ ಕೊಳ್ಳದೆ ಬಿಟ್ಟರೆ ಬಾಗಿಲು ತೆರೆಯುವುದಿಲ್ಲ, ಒಲೆ ಮಾತ್ರ ಆರುತ್ತದೆ. ಆದುದರಿಂದ ಕೊಳ್ಳಬೇಕು, ಕೊಂಡಷ್ಟಕ್ಕೇ ಆಕೆ ಬಿಡುಗಡೆ ಹೊಂದಿದಳೆಂದು ಭ್ರಮಿಸಬಾರದು. ಸೂಜಿ ಅನ್ನ ಕೊಟ್ಟೀತು, ಕಿತ್ತುಕೊಂಡ ಪುಸ್ತಕದ ಜಾಗವನ್ನು ತುಂಬಲಾರದು.

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಬೇರೊಂದು ಮಾದರಿ ಇದೆ. ಲಂಬಾಣಿ ಹೆಂಗಸರು ತಮ್ಮ ಉಡುಗೆಗೆಂದು ಹಾಕಿಕೊಳ್ಳುತ್ತಿದ್ದ ಕಸೂತಿ ಅಲ್ಲಿಯ ಕುಶಲ ಕಲಾ ಕೇಂದ್ರದ ಮೂಲಕ ಸಂಪಾದನೆಯ ಕಸುಬಾಯಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ದೊರೆಯಿತು. ಆ ಹೆಂಗಸರಿಗೆ ಒದಗಿದ್ದು ಒಂದು ದಿನದ ಮರುಕವಲ್ಲ, ವರ್ಷವರ್ಷವೂ ನಡೆದುಬಂದ ಕೆಲಸ.

ಹೊರನಾಡಿನ ಕನ್ನಡಿಗರಾದ ನಮ್ಮಿಂದ ಆಗುವುದೇನು? ರಾಜ್ಯೋತ್ಸವದಂದು ಕಸೂತಿಯ ಒಂದು ಮಳಿಗೆ ಇಡಿಸಬಹುದು. ಕೊಳ್ಳುವಾಗ ಇದನ್ನು ಮಾಡಿದವರು ಯಾರು, ಅವರ ಕೈಗೆ ಸೇರುವುದೆಷ್ಟು ಎಂದು ಕೇಳಬಹುದು. ಮಾಡಿದವಳೇ ಎದುರಿಗೆ ನಿಂತಿದ್ದರೆ ಹೇಳಿದ ಬೆಲೆಯನ್ನು ಕೊಡಬಹುದು. ಕರುಣೆ ನಮ್ಮ ಮನಸ್ಸಿಗೆ ಸಮಾಧಾನ ತರುತ್ತದೆ, ನಿಜ. ಆದರೆ ಆಕೆಗೆ ಸಲ್ಲಬೇಕಾದುದು ಕೂಲಿ.