ಪಹಣಿಯಲ್ಲಿ ಕಾಣದ ಬಂಡವಾಳ

ಸಕಲೇಶಪುರ ಸೀಮೆಯಲ್ಲಿ ಒಂದು ಕಾಫಿ ತೋಟ ಮಾರಾಟಕ್ಕೆ ಬಂತೆನ್ನಿ. ಕೊಳ್ಳುವವರು ಮೊದಲು ಪಹಣಿ ನೋಡುತ್ತಾರೆ. ಎಕರೆ ಎಷ್ಟು, ಕೆರೆಯಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುತ್ತದೆಯೇ, ಕಣ ಎಷ್ಟು ದೊಡ್ಡದು, ಪಲ್ಪರ್ ಯಾವ ಕಾಲದ್ದು, ಸಿಲ್ವರ್ ಮರ ಎಷ್ಟಿವೆ ಎಂದು ವಿಚಾರಿಸುತ್ತಾರೆ. ಸಾಲ ಕೊಡುವ ಬ್ಯಾಂಕೂ ಹೆಚ್ಚುಕಡಿಮೆ ಇಷ್ಟನ್ನೇ ಕೇಳುತ್ತದೆ. ಯಾವ ಮರದ ಯಾವ ಕೊಂಬೆಯನ್ನು ಯಾವಾಗ ಇಳಿಸಬೇಕೆಂದು ಬಲ್ಲ ಮೇಸ್ತ್ರಿ, ವರ್ಷಗಟ್ಟಲೆ ಮಳೆ ಲೆಕ್ಕ ಬರೆದಿಟ್ಟ ಪುಸ್ತಕ, ‘ಆ ತೋಟದ ಪಾರ್ಚ್‌ಮೆಂಟ್ ಆದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು’ ಎನ್ನುವ ವ್ಯಾಪಾರಿಯ ನಂಬಿಕೆ, ಇವುಗಳಿಗೆ ಯಾವ ಕಾಗದದಲ್ಲೂ ಕಾಲಂ ಇಲ್ಲ. ಆದರೆ ಒಂದೇ ಮಣ್ಣು, ಒಂದೇ ಮಳೆಯ ಎರಡು ತೋಟಗಳ ಫಸಲಿನಲ್ಲಿ ಅಜಗಜಾಂತರ ಕಂಡರೆ ಕಾರಣವನ್ನು ಹುಡುಕಬೇಕಾದದ್ದು ಈ ಕಾಲಂ ಇಲ್ಲದ ಕಡೆಯೇ.

ಅರ್ಥಶಾಸ್ತ್ರಜ್ಞರು ಇದನ್ನು ಅಮೂರ್ತ ಬಂಡವಾಳ ಎನ್ನುತ್ತಾರೆ. ಇದು ಇದೆಯೆಂಬ ಗುಮಾನಿ ಅವರಿಗೆ ಮೊದಲೇ ಇತ್ತು. 1909ರಿಂದ 1949ರವರೆಗೆ ಅಮೆರಿಕದಲ್ಲಿ ಒಂದು ಗಂಟೆಯ ದುಡಿಮೆಯ ಉತ್ಪನ್ನ ಸುಮಾರು ಎರಡು ಪಟ್ಟಾಗಿತ್ತು. ಆ ಏರಿಕೆಯಲ್ಲಿ ಯಂತ್ರ, ಕಟ್ಟಡಗಳ ಹೆಚ್ಚಳದಿಂದ ಬಂದದ್ದು ಎಂಟನೇ ಒಂದು ಭಾಗ ಮಾತ್ರ ಎಂದು ರಾಬರ್ಟ್ ಸೋಲೋ 1957ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಉಳಿದದ್ದಕ್ಕೆ ‘ತಾಂತ್ರಿಕ ಬದಲಾವಣೆ’ ಎಂಬ ಹೆಸರು ಬಿತ್ತು. 2005ರ ಸುಮಾರಿಗೆ ಕೊರಾಡೊ, ಹುಲ್ಟನ್, ಸಿಷೆಲ್ ಎಂಬ ಮೂವರು ಆ ಉಳಿಕೆಯನ್ನು ಬಿಡಿಸಿ ನೋಡಲು ಹೊರಟರು. ಸಾಫ್ಟ್‌ವೇರ್ ಮತ್ತು ದತ್ತಾಂಶ. ಸಂಶೋಧನೆ ಮತ್ತು ವಿನ್ಯಾಸ. ಬ್ರ್ಯಾಂಡ್, ತರಬೇತಿ, ಆಡಳಿತದ ಕ್ರಮ. ಈ ಮೂರು ಗುಂಪಿನ ಖರ್ಚನ್ನು ಹೂಡಿಕೆಯೆಂದು ಎಣಿಸಿದಾಗ, ಅಮೆರಿಕದ ಉದ್ಯಮಗಳು ಯಂತ್ರ ಕಟ್ಟಡಗಳಿಗೆ ಹಾಕುವಷ್ಟೇ ಹಣವನ್ನು ಇವಕ್ಕೂ ಹಾಕುತ್ತಿದ್ದವೆಂದು ಕಂಡಿತು. ನಮ್ಮ ರಾಷ್ಟ್ರೀಯ ಲೆಕ್ಕವೂ 2015ರಲ್ಲಿ ಹೊರಬಂದ ಹೊಸ ಸರಣಿಯಿಂದ ಬೌದ್ಧಿಕ ಆಸ್ತಿಯನ್ನು ಬಂಡವಾಳ ರಚನೆಯೊಳಗೆ ತೋರಿಸುತ್ತಿದೆ. ತರಬೇತಿ ಮಾತ್ರ ಈಗಲೂ ಬರೀ ಖರ್ಚು. ಕಂಪನಿ ತಾನೇ ಬೆಳೆಸಿಕೊಂಡ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರದ ನಿಯಮವೂ ಬಿಡುವುದಿಲ್ಲ.

ಇಷ್ಟು ಕೇಳಿದವರು ಸಾಮಾನ್ಯವಾಗಿ ತಲುಪುವ ತೀರ್ಮಾನ ಒಂದೇ: ಹಾಗಾದರೆ ಉದ್ಯಮಗಳು ಇದರಲ್ಲಿ ಹೆಚ್ಚು ಹೂಡಲಿ, ದೇಶದ ಉತ್ಪಾದಕತೆ ತಾನಾಗಿ ಏರುತ್ತದೆ. ಭಾರತ ಸಂಶೋಧನೆಗೆ ಮಾಡುವ ಖರ್ಚು ಜಿಡಿಪಿಯ ಶೇಕಡಾ 0.64ರ ಆಸುಪಾಸಿನಲ್ಲಿದ್ದು, ಅದರಲ್ಲಿ ಖಾಸಗಿ ಉದ್ಯಮದ ಪಾಲು ಮೂರನೇ ಒಂದಕ್ಕಿಂತ ತುಸು ಹೆಚ್ಚಷ್ಟೆ ಎಂಬುದು ಗೊತ್ತಿದ್ದರೆ ಆ ಮಾತು ಇನ್ನೂ ಸರಿ ಎನಿಸುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ಅಮೂರ್ತ ಬಂಡವಾಳದಲ್ಲಿ ಎರಡು ಜಾತಿ ಇವೆ. ಒಂದು ಸೋರುತ್ತದೆ, ಇನ್ನೊಂದು ಬೀಗ ಹಾಕಿಕೊಂಡು ಕೂರುತ್ತದೆ. ದೇಶದ ಉತ್ಪಾದಕತೆಯನ್ನು ಹೆಚ್ಚಾಗಿ ಎತ್ತುವುದು ಸೋರುವಂಥದ್ದು. ಉದ್ಯಮಿ ಸಹಜವಾಗಿ ಹಣ ಹಾಕುವುದು ಬೀಗವಿರುವುದಕ್ಕೆ. ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದರೆ ಅಂಕಿ ಬೆಳೆದೀತು, ಅರ್ಥ ಮಸುಕಾಗುತ್ತದೆ.

ಸೋರುವುದೆಂದರೇನು ಎಂಬುದಕ್ಕೆ ಈ ಬೆಟ್ಟಗಳಲ್ಲೇ ಸಾಕ್ಷ್ಯವಿದೆ. 1850ರ ದಶಕದಲ್ಲಿ ಮಂಜರಾಬಾದಿಗೆ, ಅಂದರೆ ಈ ಸಕಲೇಶಪುರ ಸೀಮೆಗೆ, ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೆರಳಿಗೇ ಒಂದು ಅಧ್ಯಾಯ ಮೀಸಲಿಟ್ಟ. ಕಾಡು ಬೋಳಿಸಿ ಬಿಸಿಲಿಗೆ ಕಾಫಿ ಹಾಕಿದವರ ಗಿಡಗಳನ್ನು ಕಾಂಡಕೊರಕ ತಿಂದುಹಾಕಿದ ಕಾಲ ಅದು. ಯಾವ ಮರದ ಕೆಳಗೆ ಕಾಫಿ ಬದುಕುತ್ತದೆ ಎಂದು ಬರೆಯುವಾಗ ಅವನು ಬಸರಿ, ಗೋಣಿ, ಮಿಟ್ಲಿ ಎಂಬ ಊರಿನ ಹೆಸರುಗಳನ್ನೇ ಬಳಸಿದ. ಅಂದಮೇಲೆ ಆ ಮರಗಳನ್ನು ತೋರಿಸಿಕೊಟ್ಟವರು ಊರಿನವರೇ. ಅವರಿಗೆ ರಾಯಧನವೇನೂ ಸಲ್ಲಲಿಲ್ಲ. ಸಲ್ಲಲಿಲ್ಲವೆಂಬುದು ಅನ್ಯಾಯ. ಆದರೆ ಆ ತಿಳಿವಳಿಕೆ ಬೇಲಿ ದಾಟಿದ್ದರಿಂದಲೇ ನೆರಳಿನ ಕಾಫಿ ಇಡೀ ಮಲೆನಾಡಿನ ಕ್ರಮವಾಯಿತು ಎಂಬುದೂ ನಿಜ.

ಎರಡನೆಯ ಸಾಕ್ಷ್ಯ ಪಕ್ಕದ ಬಾಳೆಹೊನ್ನೂರಿನದು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಅಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ಗುರುತಿಸಿದ್ದ ತಳಿಯೊಂದನ್ನು, ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಬೆರೆತು ಹುಟ್ಟಿದ ಗಿಡದ ಸಂತತಿಯೊಂದಿಗೆ ಕೂಡಿಸಿ ಅಲ್ಲಿ ಎಸ್.795 ತಳಿಯನ್ನು ಪಡೆದರು. 1940ರ ದಶಕದ ಮಧ್ಯದಲ್ಲಿ ಬಿಡುಗಡೆಯಾದ ಆ ಗಿಡ ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗುಗಳ ತೋಟಗಳನ್ನು ತುಂಬಿತು. ಸಮುದ್ರ ದಾಟಿ ಇಂಡೊನೇಷ್ಯಾಕ್ಕೂ ಹೋಗಿ ಅಲ್ಲಿ ಜೆಂಬರ್ ಎಂಬ ಹೆಸರು ಪಡೆಯಿತು. ಒಬ್ಬ ಬೆಳೆಗಾರ ಅದನ್ನು ನೆಟ್ಟಮಾತ್ರಕ್ಕೆ ಇನ್ನೊಬ್ಬನಿಗೆ ಕಡಿಮೆಯಾಗುವುದಿಲ್ಲ. ಟ್ರ್ಯಾಕ್ಟರಿಗೆ ಈ ಗುಣವಿಲ್ಲ, ತಿಳಿವಿಗಿದೆ. ಅಂಥ ತಿಳಿವನ್ನು ಒಬ್ಬ ತೋಟಗಾರನ ಕೈಯಲ್ಲಿ ದುಡ್ಡು ಹಾಕಿಸಿ ಸೃಷ್ಟಿಸುವುದು ಕಷ್ಟ ಏಕೆಂಬುದಕ್ಕೂ ಕಾರಣ ಅದೇ: ಖರ್ಚು ಅವನೊಬ್ಬನದು, ಲಾಭ ಎಲ್ಲರದು.

ಹಾಗಾದರೆ ಹಣ ಯಾರು ಹಾಕಬೇಕು? 1940ರ ದಶಕದಿಂದ ಅರ್ಧ ಶತಮಾನ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತ್ತು. ಬೆಳೆಗಾರ ತನ್ನ ಕಾಫಿಯನ್ನೆಲ್ಲ ಪೂಲಿಗೆ ಹಾಕಬೇಕು, ಮಂಡಳಿ ಹರಾಜು ಮಾಡಿ ಕಂತುಗಳಲ್ಲಿ ಹಣ ಕೊಡುತ್ತದೆ. ಸಂಶೋಧನೆ, ವಿಸ್ತರಣಾ ಕೆಲಸ, ಪ್ರಚಾರ ಎಲ್ಲವೂ ಸಾಮೂಹಿಕ. 1950-51ರಲ್ಲಿ ದೇಶದ ಕಾಫಿ ಉತ್ಪನ್ನ ಸುಮಾರು 19 ಸಾವಿರ ಟನ್ ಇದ್ದದ್ದು 1990ರ ದಶಕದ ಮಧ್ಯಕ್ಕೆ 2 ಲಕ್ಷ ಟನ್ ದಾಟಿತು. ತೋಟದ ವಿಸ್ತೀರ್ಣ ಹೆಚ್ಚಿತು, ರೊಬಸ್ಟಾ ಹಬ್ಬಿತು, ಗೊಬ್ಬರ ಬಂತು, ಎಲ್ಲ ನಿಜ. ಆದರೆ ವಿಸ್ತೀರ್ಣ ಹತ್ತು ಪಟ್ಟಾಗಿರಲಿಲ್ಲ. ಎಕರೆಗೆ ಬಂದ ಹೆಚ್ಚಳದಲ್ಲಿ ತಳಿಗೂ ತಿಳಿವಿಗೂ ಪಾಲು ಇಲ್ಲವೆನ್ನಲಾಗದು.

ಪೂಲನ್ನು ನೆನೆದು ನಿಟ್ಟುಸಿರು ಬಿಡುವ ಅಗತ್ಯವೂ ಇಲ್ಲ. ಎಲ್ಲರ ಕಾಫಿ ಒಂದೇ ರಾಶಿಗೆ ಬಿದ್ದಮೇಲೆ ಹಣ್ಣನ್ನು ಆರಿಸಿ ಕೊಯ್ಯಿಸಿದವನ ಹೆಸರಿಗೆ ಬೆಲೆ ಏನು? ಕಂತಿನ ಹಣಕ್ಕೆ ವರ್ಷಗಟ್ಟಲೆ ಕಾದವರ ಸಿಟ್ಟೂ ಸುಳ್ಳಲ್ಲ. 1992ರಿಂದ ಹಂತಹಂತವಾಗಿ ಮಾರುಕಟ್ಟೆ ತೆರೆದು, 1996ರಲ್ಲಿ ಪೂರ್ತಿ ಬಿಡುಗಡೆಯಾಯಿತು. ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆದದ್ದು ಆ ಗಾಳಿಯ ದಿಕ್ಕನ್ನು ಹೇಳುತ್ತದೆ. ಈಗ ತೋಟದ ಹೆಸರಿನಲ್ಲೇ ಪ್ಯಾಕೆಟ್, ರುಚಿ ನೋಡಿ ಕೊಡುವ ಕಪ್ಪಿಂಗ್ ಅಂಕ, ಹೊರದೇಶದ ರೋಸ್ಟರ್‌ನ ಜೊತೆ ನೇರ ಒಪ್ಪಂದ ಎಲ್ಲ ಬಂದಿವೆ. ಬೀಗ ಹಾಕಬಹುದಾದ ಅಮೂರ್ತ ಬಂಡವಾಳ ಬೆಳೆದಿದೆ. ಮಾಡಿದವರಿಗೆ ಅದರ ಫಲ ಸಿಗಬೇಕಾದದ್ದು ನ್ಯಾಯವೇ. ಆದರೆ ನಮ್ಮ ರೊಬಸ್ಟಾ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸಿನಲ್ಲಿ ನಿಂತಿರುವಾಗ ವಿಯೆಟ್ನಾಂ ಎರಡೂವರೆ ಟನ್ ದಾಟಿದೆ. ಅಲ್ಲಿ ನೀರು, ಗೊಬ್ಬರ, ಬಿಸಿಲು ಎಲ್ಲವೂ ಹೆಚ್ಚು, ನೆರಳಿನ ಕಾಡು ಇಲ್ಲ. ಅದನ್ನೇ ನಕಲು ಮಾಡಿ ಎನ್ನುತ್ತಿಲ್ಲ. ನೆರಳನ್ನು ಉಳಿಸಿಕೊಂಡೇ ಫಸಲು ಹೆಚ್ಚಿಸುವ ಬಗೆ ಹೇಗೆಂಬ ಪ್ರಶ್ನೆಗೆ ಯಾವ ಪ್ಯಾಕೆಟ್ಟಿನ ಚಂದದ ವಿನ್ಯಾಸವೂ ಉತ್ತರ ಕೊಡದು.

ಇಲ್ಲಿ ಒಂದು ಆಕ್ಷೇಪಣೆ ಬರಬೇಕು. ಬ್ರ್ಯಾಂಡಿನಿಂದ ಅದೇ ಒಂದು ಕಿಲೋ ಕಾಫಿಗೆ ಎರಡು ಪಟ್ಟು ಬೆಲೆ ಸಿಕ್ಕರೆ ಅದೂ ಉತ್ಪಾದಕತೆಯಲ್ಲವೇ? ಬೀಜದ ಗುಣ ನಿಜಕ್ಕೂ ಏರಿದ್ದರೆ ಹೌದು. ಗುಣ ಹಾಗೇ ಇದ್ದು ಕತೆ ಮಾತ್ರ ಚೆನ್ನಾಗಿದ್ದರೆ, ಕುಡಿಯುವವನ ಜೇಬಿನಿಂದ ಮಾರುವವನ ಜೇಬಿಗೆ ಹಣ ಸರಿಯಿತಷ್ಟೆ. ನಮ್ಮ ಕಾಫಿಯ ಬಹುಪಾಲು ರಫ್ತಾಗುವುದರಿಂದ ಆ ಹಣ ದೇಶಕ್ಕೆ ಬಂದರೆ ಸಂತೋಷವೇ, ದೇಶದ ಆದಾಯ ಹೆಚ್ಚುತ್ತದೆ. ಆದರೆ ಅದು ವ್ಯಾಪಾರದಲ್ಲಿ ಗೆದ್ದದ್ದು. ಒಂದು ದಿನದ ಆಳಿನ ಕೆಲಸದಿಂದ, ಒಂದು ಎಕರೆ ನೆಲದಿಂದ ಹೆಚ್ಚು ಹುಟ್ಟಿಸಿದ್ದಲ್ಲ. ಈ ಎರಡನ್ನು ಬೇರೆಬೇರೆ ಇಡದಿದ್ದರೆ, ಜಾಹೀರಾತಿನ ಖರ್ಚು ಮತ್ತು ತಳಿ ಸಂಶೋಧನೆಯ ಖರ್ಚು ಒಂದೇ ತಕ್ಕಡಿಗೆ ಬೀಳುತ್ತವೆ.

ನಡುವಿನ ಒಂದು ದಾರಿಯೂ ಇದೆ, ಊರಿಗೇ ಬೀಗ ಹಾಕುವುದು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಅರಕು ಕಣಿವೆಯ ಅರೇಬಿಕಾಗಳಿಗೂ ವಯನಾಡಿನ ರೊಬಸ್ಟಾಕ್ಕೂ ಭೌಗೋಳಿಕ ಸೂಚ್ಯಂಕದ ಗುರುತು ಸಿಕ್ಕಿತು. ಕಾಫಿ ಮಂಡಳಿಯೇ ಪ್ರತ್ಯೇಕ ಕಾಫಿ ಪ್ರದೇಶವೆಂದು ಹೆಸರಿಸಿರುವ ಮಂಜರಾಬಾದ್ ಆ ಐದರಲ್ಲಿ ಇರಲಿಲ್ಲ. ಹೀಗೆ ಗುರುತು ಪಡೆದ ಹೆಸರು ಒಬ್ಬನ ಸ್ವತ್ತಲ್ಲ, ಸೀಮೆಯೊಳಗಿನ ಎಲ್ಲ ಬೆಳೆಗಾರರಿಗೂ ಸಲ್ಲುತ್ತದೆ. ಕೊಲಂಬಿಯಾದ ಬೆಳೆಗಾರರ ಒಕ್ಕೂಟ 1927ರಿಂದ ಹೀಗೇ ಒಗ್ಗಟ್ಟಾಗಿ ನಡೆದು, 1938ರಲ್ಲಿ ತನ್ನದೇ ಸಂಶೋಧನಾ ಕೇಂದ್ರ ಕಟ್ಟಿತು, 1950ರ ದಶಕದ ಕೊನೆಗೆ ಹುವಾನ್ ವಾಲ್ಡೆಸ್ ಎಂಬ ಕಲ್ಪಿತ ರೈತನನ್ನು ಲೋಕಪ್ರಸಿದ್ಧ ಮಾಡಿತು. ಬ್ರ್ಯಾಂಡೂ ತಳಿಯೂ ಒಂದೇ ಸಂಸ್ಥೆಯ ಕೈಯಲ್ಲಿದ್ದದ್ದರಿಂದ ಒಂದಕ್ಕೊಂದು ಆಸರೆಯಾದವು.

ಒಮ್ಮೆ ಹೂಡಿದ ಮೇಲೆ ತಿಳಿವು ಚಿರಾಯುವೆಂದು ಭಾವಿಸಬೇಡಿ. ತುಕ್ಕು ರೋಗದ ಶಿಲೀಂಧ್ರ ಹೊಸ ಹೊಸ ರೂಪ ತಳೆದು ಎಸ್.795ರ ನಿರೋಧವನ್ನು ಮುರಿಯಿತು. ಪೋರ್ಚುಗಲ್‌ನ ತುಕ್ಕು ಸಂಶೋಧನಾ ಕೇಂದ್ರದಿಂದ ಬಂದ ಮೂಲದ ಕಾವೇರಿ ತಳಿಗೂ ಅದೇ ಗತಿಯಾಯಿತು. 2007ರಲ್ಲಿ ಚಂದ್ರಗಿರಿ ಎಂಬ ಇನ್ನೊಂದು ತಳಿ ಬಂತು. ಯಂತ್ರ ಸವೆಯುವುದು ಬಳಕೆಯಿಂದ, ತಳಿಯ ತಿಳಿವು ಸವೆಯುವುದು ಎದುರಾಳಿಯ ಜಾಣತನದಿಂದ. ಮನುಷ್ಯರೊಳಗಿನ ತಿಳಿವು ಸವೆಯುವ ಬಗೆ ಮತ್ತೊಂದು. ಮರಗಸಿ, ಅಂದರೆ ನೆರಳು ಮರದ ಕೊಂಬೆ ಇಳಿಸುವ ಕೆಲಸ, ಬಲ್ಲವರು ಮುದುಕರಾಗಿದ್ದಾರೆ, ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ದೂರದ ಅಸ್ಸಾಮಿನಿಂದ ಬಂದವರು ಒಂದೆರಡು ಹಂಗಾಮು ದುಡಿದು ಬೇರೆ ತೋಟಕ್ಕೆ ಹೋಗುತ್ತಾರೆ. ನಾಳೆ ಬಿಟ್ಟುಹೋಗುವವನಿಗೆ ಇವತ್ತು ಗಿಡಗಸಿ, ಅಂದರೆ ಕಾಫಿ ಗಿಡ ಸವರುವುದನ್ನು, ಕಲಿಸಿದರೆ ಫಲ ಪಕ್ಕದ ತೋಟಕ್ಕೆ ಎಂದು ಯಜಮಾನ ಲೆಕ್ಕ ಹಾಕುತ್ತಾನೆ. ಅವನ ಲೆಕ್ಕ ತಪ್ಪಲ್ಲ. ಪ್ರತಿಯೊಬ್ಬನ ಸರಿಯಾದ ಲೆಕ್ಕ ಕೂಡಿ ಇಡೀ ಸೀಮೆಯ ಕೈಚಳಕ ಕರಗುತ್ತದೆ.

ಇದೇ ಬೆಟ್ಟಗಳ ಇನ್ನೊಂದು ಉದಾಹರಣೆ ವಾದವನ್ನು ಇನ್ನಷ್ಟು ತಿಳಿಯಾಗಿಸುತ್ತದೆ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆ ಎಲ್ಲಿದೆಯೆಂದು ತಿಳಿಯದೆ ಬೆಳಿಗ್ಗೆ ಆಳುಗಳು ತೋಟಕ್ಕೆ ಇಳಿಯುವುದು ಪ್ರಾಣದ ಮಾತು. ಇದಕ್ಕೆ ಎರಡು ಬಗೆಯ ಹೂಡಿಕೆ ನಡೆದಿದೆ. ಒಂದು ರೈಲು ಹಳಿಯ ಬೇಲಿ, ಕಿಲೋಮೀಟರಿಗೆ ಕೋಟಿ ರೂಪಾಯಿ ದಾಟುವ ಖರ್ಚು. ಇನ್ನೊಂದು, ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ನಡೆಸಿದ ಮುನ್ನೆಚ್ಚರಿಕೆ ಕ್ರಮ: ಆನೆ ಇರುವ ಜಾಗವನ್ನು ಮೊಬೈಲ್ ಸಂದೇಶದಲ್ಲೂ ರಸ್ತೆ ಬದಿಯ ಬೆಳಕಿನ ಫಲಕದಲ್ಲೂ ತಿಳಿಸುವುದು. ಬೇಲಿ ಸರ್ಕಾರದ ಆಸ್ತಿ ಪಟ್ಟಿಯಲ್ಲಿ ಢಾಳಾಗಿ ಕಾಣುತ್ತದೆ. ಸಂದೇಶಕ್ಕೆ ಆ ಭಾಗ್ಯವಿಲ್ಲ. ಆದರೆ ಬೇಲಿ ಒಂದು ಊರನ್ನು ಕಾಯುವಾಗ ಆನೆಯನ್ನು ಇನ್ನೊಂದು ಊರಿಗೆ ತಿರುಗಿಸಬಹುದು. ಸಂದೇಶ ಯಾರಿಗೂ ನಷ್ಟ ಮಾಡದೆ ಎಲ್ಲರ ದಿನದ ದುಡಿಮೆಯನ್ನು ಉಳಿಸುತ್ತದೆ. ಹಾಗೆಂದು ಸಂದೇಶವೊಂದೇ ಸಾಲದು. ಟವರ್ ಬೇಕು, ಆನೆಯ ಜಾಡು ಹಿಡಿಯುವ ಜನ ಬೇಕು, ಬಂದ ಸುದ್ದಿಯನ್ನು ನಂಬುವ ಊರು ಬೇಕು. ಅಮೂರ್ತ ಬಂಡವಾಳ ಒಂಟಿಯಾಗಿ ಕೆಲಸ ಮಾಡುವುದಿಲ್ಲ.

ಆದ್ದರಿಂದ ಅಮೂರ್ತದಲ್ಲಿ ಎಷ್ಟು ಹೂಡಿದಿರಿ ಎಂದು ಉದ್ಯಮವನ್ನು ಕೇಳಿ ಸುಮ್ಮನಾಗಬಾರದು. ಹೂಡಿದ್ದರಲ್ಲಿ ಎಷ್ಟು ಪಕ್ಕದವನಿಗೂ ಉಪಯೋಗವಾಯಿತು, ಆ ಉಪಯೋಗದ ಖರ್ಚನ್ನು ಯಾರು ಹೊತ್ತರು ಎಂಬ ಪ್ರಶ್ನೆಗಳೂ ಅದರ ಬೆನ್ನಿಗೇ ಬರಬೇಕು. ತೋಟದ ಹೆಸರಿನ ಪ್ಯಾಕೆಟ್ಟಿಗೆ ತೆರಿಗೆ ರಿಯಾಯಿತಿ ಕೊಡುವ ಮೊದಲು ಬಾಳೆಹೊನ್ನೂರಿನ ಖಾಲಿ ಹುದ್ದೆ ತುಂಬಲಿ, ಡೋಣಿಗಲ್ಲಿನ ಏಲಕ್ಕಿ ಸಂಶೋಧನಾ ಕೇಂದ್ರಕ್ಕೆ ಹಣ ಬರಲಿ. ಮರಗಸಿ ಕಲಿಸುವ ಖರ್ಚನ್ನು ಬೆಳೆಗಾರರ ಸಂಘಗಳು ಹಂಚಿಕೊಂಡು ಹೊರಲಿ; ಕಲಿತವನು ಯಾವ ತೋಟಕ್ಕೆ ಹೋದರೂ ಆಗ ನಷ್ಟವಿಲ್ಲ. ಸೋರುವುದನ್ನು ತಡೆಯಲು ಹೊರಟ ದೇಶ ಕೆಲವು ಕಂಪನಿಗಳನ್ನು ಶ್ರೀಮಂತ ಮಾಡೀತು. ಸೋರುವುದಕ್ಕೆ ತಾನೇ ಹಣ ಕೊಡಲು ಒಪ್ಪಿದ ದೇಶ ಮಾತ್ರ ತನ್ನ ಎಲ್ಲ ಎಕರೆಗಳ ಫಸಲನ್ನು ಹೆಚ್ಚಿಸಿಕೊಳ್ಳಬಲ್ಲದು.