ಬಾಟಲಿ ಮತ್ತು ಅದರ ಚೀಟಿ

ನಮ್ಮ ಜತ್ತದ ಸೀಮೆಯ ಬಿಳೂರದಂಥ ಊರುಗಳ ಹೈಸ್ಕೂಲಿನಲ್ಲಿ ಓದಿದವರಿಗೆ ವಿಜ್ಞಾನದ ಕೋಣೆಯ ಗಾಜಿನ ಬಾಟಲಿಗಳು ನೆನಪಿರಬಹುದು. ಕಪ್ಪೆ, ಚೇಳು, ಯಾರದೋ ಹೊಲದಲ್ಲಿ ಸಿಕ್ಕ ಹಾವು. ಫಾರ್ಮಾಲಿನ್‌ನಲ್ಲಿ ಮುಳುಗಿ ಬಣ್ಣ ಮಾಸಿದ್ದರೂ ಆಕಾರ ಮಾತ್ರ ಹಾಗೆಯೇ ಉಳಿದಿರುತ್ತದೆ. ಇಂಥ ಹಳೆಯ ದೇಹಗಳಿಂದ ಡಿಎನ್ಎ ತೆಗೆಯಲು ಈಗ ವಿಜ್ಞಾನಿಗಳು ಬಹಳ ಶ್ರಮಪಡುತ್ತಿದ್ದಾರೆ.

ಶ್ರಮ ಏಕೆಂದರೆ, ದೇಹವನ್ನು ಕಾಯ್ದ ಔಷಧವೇ ಅದರ ಒಳಗನ್ನು ಬಿಗಿದುಬಿಟ್ಟಿದೆ. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಅಂಗಾಂಶವನ್ನು ಬಿಗಿಗೊಳಿಸಿ ಕಾಯುವ ಫಾರ್ಮಾಲಿನ್‌ನ ಗುಣವನ್ನು ತೋರಿಸಿಕೊಟ್ಟರು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಡಿಎನ್ಎಯನ್ನೂ ಅದೇ ಗಂಟಿನಲ್ಲಿ ಸೇರಿಸುತ್ತದೆ. ವರ್ಷ ಕಳೆದಂತೆ ದ್ರಾವಣ ಆಮ್ಲವಾಗಿ ಡಿಎನ್ಎಯ ಎಳೆ ತುಂಡಾಗುತ್ತದೆ. ಪ್ರಯೋಗಾಲಯದಲ್ಲಿ ಚಿಕ್ಕ ಚೂರು ಅಂಗಾಂಶವನ್ನು ಹಲವು ಸಲ ತೊಳೆದು, ಕ್ಷಾರದಲ್ಲಿ ಬಿಸಿಮಾಡಿ, ಪ್ರೋಟೀನನ್ನು ಕರಗಿಸುವ ಕಿಣ್ವ ಹಾಕಿ ಗಂಟು ಬಿಡಿಸುತ್ತಾರೆ. ಆದರೂ ಅನೇಕ ಸಲ ಏನೂ ಸಿಗುವುದಿಲ್ಲ. ಸಿಕ್ಕರೆ ಸಣ್ಣ ಸಣ್ಣ ತುಣುಕುಗಳು. ಅವನ್ನೇ ಜೋಡಿಸಿ ಓದಬೇಕು. ಮದ್ಯಸಾರದಲ್ಲಿಟ್ಟ ದೇಹಗಳು ಇದಕ್ಕಿಂತ ಉದಾರಿಗಳು. ಆಸ್ಟ್ರೇಲಿಯದ ಥೈಲಸೀನ್ ಎಂಬ ಪ್ರಾಣಿಯ ಕೊನೆಯದು 1936ರಲ್ಲಿ ಸತ್ತಿತು. 1909ರಲ್ಲಿ ಮದ್ಯಸಾರದಲ್ಲಿಟ್ಟಿದ್ದ ಅದರ ಮರಿಯೊಂದರಿಂದ 2017ರಲ್ಲಿ ಇಡೀ ಜೀನೋಮ್, ಅಂದರೆ ಡಿಎನ್ಎಯ ಪೂರ್ತಿ ಬರಹ, ಓದಲಾಯಿತು. ಆ ಮರಿಯನ್ನು ಎತ್ತಿಟ್ಟವರಿಗೆ ಡಿಎನ್ಎಯ ರಚನೆ ಹೇಗಿರುತ್ತದೆಂಬ ಕಲ್ಪನೆಯೇ ಇರಲಿಲ್ಲ. ಕರ್ತವ್ಯವೆಂದು ಎತ್ತಿಟ್ಟರು, ಅಷ್ಟೇ.

ನಮ್ಮ ಕನ್ನಡ ನಾಡಿನಲ್ಲಿ ಹೀಗೆ ಎತ್ತಿಟ್ಟದ್ದು ಉಳಿಯಲಿಲ್ಲವಲ್ಲ ಎಂಬ ಕೊರಗು ನನಗಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ 1937ರಲ್ಲಿ ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಮೊದಲ ಬಾರಿಗೆ ವಿವರಿಸಿ ಹೆಸರಿಟ್ಟರು. ಒಂದಕ್ಕೆ ಪಶ್ಚಿಮ ಘಟ್ಟದ ಕೆಂಪುಹೊಳೆಯ ಹೆಸರನ್ನೇ ಕೊಟ್ಟರು. ಹೆಸರಿಗೆ ಆಧಾರವಾದ ಮೂಲ ಮಾದರಿಗಳು ಕಾಲೇಜಿನಲ್ಲಿದ್ದವು, ಆಮೇಲೆ ಕಳೆದುಹೋದವು. ಈಗ ಸಂಶೋಧಕರು ಅದೇ ಘಟ್ಟಗಳನ್ನು ಮತ್ತೆ ಹತ್ತಿ, ರಾಯರ ಬರಹಕ್ಕೆ ಹೊಂದುವ ಕಪ್ಪೆ ಯಾವುದೆಂದು ಹುಡುಕಬೇಕಾಗಿದೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೊರ್ಕೆಸ್ಟಿಸ್ ಎಂದು ಅವರದೇ ಹೆಸರಿಟ್ಟು ಗೌರವಿಸಿದರು. ಅದು ಸಂತೋಷದ ಸಂಗತಿಯೇ. ಆದರೆ ಫಾರ್ಮಾಲಿನ್ ಬಿಗಿದ ಗಂಟನ್ನು ಬಿಡಿಸುವ ಉಪಾಯವಾದರೂ ಇದೆ, ಬಾಟಲಿಯೇ ಇಲ್ಲವಾದ ಮೇಲೆ ಯಾವ ಉಪಾಯವೂ ಇಲ್ಲ.

ಬಾಟಲಿ ಉಳಿದರಷ್ಟೇ ಸಾಲದು. ಹೆಸರು ಬರೆಯದ ಅಜ್ಜನ ಕಾಲದ ಫೋಟೋ ಟ್ರಂಕಿನಲ್ಲಿದ್ದರೂ, ಅದರಲ್ಲಿರುವವರು ಯಾರೆಂದು ಮೊಮ್ಮಕ್ಕಳು ಹೇಳಲಾರರು. ಚೀಟಿಯಿಲ್ಲದ ಬಾಟಲಿಯೂ ಹಾಗೆಯೇ. ಜತ್ತದ ಸೀಮೆಗೆ ದ್ರಾಕ್ಷಿ, ದಾಳಿಂಬೆ ತೋಟಗಳು ಬರುವ ಮೊದಲು ಈ ಕುರುಚಲಿನಲ್ಲಿ ಏನೇನು ಹರಿದಾಡುತ್ತಿತ್ತು ಎಂಬುದಕ್ಕೆ ನಮ್ಮ ಶಾಲೆಯ ಕಪಾಟಿನಲ್ಲೂ ಒಂದು ಸಾಕ್ಷಿ ಇದ್ದೀತು. ಇಂದು ಹೊಸದಾಗಿ ಸಂಗ್ರಹಿಸುವವರು ದೇಹವನ್ನು ಫಾರ್ಮಾಲಿನ್‌ಗೆ ಹಾಕುವ ಮೊದಲೇ ಒಂದು ಚೂರನ್ನು ಗಟ್ಟಿ ಮದ್ಯಸಾರದಲ್ಲಿ ಬೇರೆ ಇಡುತ್ತಾರೆ. ನಮ್ಮ ಪಾಲಿನ ಕೆಲಸ ಅದಕ್ಕಿಂತ ಸುಲಭದ್ದು. ಗುರುಗಳೇ, ಶಾಲಾ ಸಮಿತಿಯ ಹಿರಿಯರೇ, ಕೋಣೆಗೆ ಸುಣ್ಣ ಹೊಡೆಸುವಾಗ ಆ ಬಾಟಲಿಗಳನ್ನು ಹೊರಗೆ ಚೆಲ್ಲಿಸಬೇಡಿ. ಮುಚ್ಚಳ ತೆಗೆಯಬೇಡಿ, ಫಾರ್ಮಾಲಿನ್ ಕಣ್ಣು ಗಂಟಲಿಗೆ ಕೆಟ್ಟದ್ದು, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಎಲ್ಲಿ, ಯಾವಾಗ ಸಿಕ್ಕಿತೆಂದು ಬಲ್ಲ ಹಿರಿಯರನ್ನು ಕೇಳಿ, ಹೊಸ ಚೀಟಿ ಬರೆದು ಹೊರಗೆ ಅಂಟಿಸಿ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ಒಮ್ಮೆ ತೋರಿಸಿ.