ವಾದ್ಯಾಭ್ಯಾಸವೂ ನೆರೆಯವರ ನೆಮ್ಮದಿಯೂ

ಹರಿಹರನ ರಗಳೆಯು ಅಲ್ಲಮಪ್ರಭುವನ್ನು ಮದ್ದಳೆಯ ನಿಪುಣನನ್ನಾಗಿ ಚಿತ್ರಿಸಿದೆ. ಢಕ್ಕೆಯ ಬೊಮ್ಮಣ್ಣನಿಗೆ ಢಕ್ಕೆ ಬಾರಿಸುವುದೇ ಕಾಯಕವಾಗಿದ್ದಿತು. ಆದುದರಿಂದ ಚರ್ಮವಾದ್ಯವು ಶಿವಭಕ್ತರ ಮನೆಗೆ ಹೊರಗಿನದಲ್ಲ. ಆದರೆ ವೀರಗಾಸೆಗಾಗಿ ಸಮಾಳವನ್ನು ಕಲಿಯುವ ಮಗನ ಹೊಡೆತದಿಂದ ಗೋಡೆಯಾಚೆಯ ರೋಗಿಯ ನಿದ್ರೆ ಕೆಟ್ಟರೆ, ಅದು ಕಾಯಕವೆನಿಸೀತೆ? ತನ್ನ ಕರಸ್ಥಲದಲ್ಲಿ ಪೂಜೆಗೊಳ್ಳುವ ಶಿವನೇ ನೆರೆಯವನ ಎದೆಯಲ್ಲಿಯೂ ಇರುವನಲ್ಲವೆ?

ಹಾಗೆಂದು ವಿದ್ಯೆಯನ್ನು ಬಿಡಬೇಕಾದುದಿಲ್ಲ. ಕಲಿಯುವ ಕ್ರಮವನ್ನು ತಿದ್ದಿಕೊಂಡರೆ ಸಾಕು. ಮೊದಲು ತೊಡೆಯ ಮೇಲೆ ತಾಳ ಹಾಕುತ್ತ ಪಾಟಾಕ್ಷರಗಳನ್ನು ಬಾಯಿಯಲ್ಲಿ ನುಡಿಯಬೇಕು. ಲಯವು ಮನಸ್ಸಿನಲ್ಲಿ ನೆಲೆಗೊಂಡ ಮೇಲೆ ಮಡಿಸಿದ ಕಂಬಳಿಯ ಮೇಲೆ ಕೋಲಾಡಿಸಬೇಕು. ಕಂಬಳಿಯು ಕೋಲನ್ನು ಚರ್ಮದಂತೆ ಮೇಲಕ್ಕೆ ಚಿಮ್ಮಿಸದು. ಮಣಿಕಟ್ಟೇ ಅದನ್ನು ಎತ್ತಬೇಕಾಗುವುದರಿಂದ ಕೈಗೆ ಬಲ ಬರುತ್ತದೆ. ಬಳಿಕ ವಾದ್ಯದ ಮುಖಕ್ಕೆ ದಪ್ಪ ಬಟ್ಟೆ ಹೊದಿಸಿ ಬಾರಿಸಬಹುದು. ಕಿಟಕಿ ಮುಚ್ಚಿದ ಮಾತ್ರಕ್ಕೆ ಸದ್ದು ಅಡಗದು. ಅದು ನೆಲದ ಮೂಲಕವೂ ಹರಿಯುವುದರಿಂದ ವಾದ್ಯದ ಕೆಳಗೂ ಕಂಬಳಿ ಹಾಸತಕ್ಕದ್ದು.

ತೆರೆದ ಚರ್ಮದ ಮೇಲೆ ನುಡಿಸುವ ದಿನ ಬಂದಾಗ ನೆರೆಯವರನ್ನು ಕೇಳಿ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಇಲ್ಲವೆ ಊರ ಹೊರಗಿನ ತೋಪಿಗೆ ಹೋಗಬೇಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗಿನ ವೇಳೆಯನ್ನು ರಾತ್ರಿಯೆಂದು ಪರಿಗಣಿಸಿ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿವೆ. ಕಾನೂನಿನ ಅಂಜಿಕೆಯಿಂದ ಕೈ ತಡೆಯುವವನು ಪ್ರಜೆ. ಮಲಗಿದ ಕೂಸನ್ನು ನೆನೆದು ಕೈ ತಡೆಯುವವನು ಭಕ್ತ. ಮೆಲ್ಲನೆ ಬಾರಿಸಬಲ್ಲವನಿಗೇ ಜಾತ್ರೆಯ ದಿನ ಗಟ್ಟಿಯಾಗಿ ಬಾರಿಸುವ ಅಧಿಕಾರವುಂಟು.